ಇಪ್ಪತ್ತೊಂದು ದಿನಗಳ ಲೆಕ್ಕ

(ಶತಮಾನೋತ್ಸವದ ಅಂಗವಾಗಿ ನಡೆದ ಪೋಷಕರ ಸಮಾವೇಶದಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣದ ಲಿಖಿತ ರೂಪ)



ಇಂತಹ ಸಭೆಯಲ್ಲಿ ಮುಖ್ಯೋಪಾಧ್ಯಾಯಿನಿಯಾದವರು ಶಾಲೆಯ ಚರಿತ್ರೆಯನ್ನೋ ಕನ್ನಡದ ಭವಿಷ್ಯವನ್ನೋ ಕುರಿತು ಮಾತನಾಡುವುದು ವಾಡಿಕೆ. ಆ ಎರಡನ್ನೂ ನಮಗಿಂತ ಚೆನ್ನಾಗಿ ಬಲ್ಲವರು ಇಲ್ಲಿದ್ದಾರೆ. ಆದುದರಿಂದ ನಾವು ಹಸುವಿನ ಗರ್ಭಧಾರಣೆಯ ವಿಷಯವನ್ನು ಆರಿಸಿಕೊಂಡಿದ್ದೇವೆ. ಆಮಂತ್ರಣ ಪತ್ರಿಕೆಯಲ್ಲಿ ಇದನ್ನು ಕಂಡು ಕೆಲವರು ನಕ್ಕರೆಂದು ತಿಳಿಯಿತು. ಆ ನಗುವೂ ನಮ್ಮ ವಿಷಯದ ಒಂದು ಭಾಗವೇ ಆಗಿದೆ.

ಕಾಸರಗೋಡಿನ ಈ ಭಾಗದಲ್ಲಿ ಅಡಿಕೆ ತೋಟವಿರುವ ಮನೆಗೂ, ಐದು ಸೆಂಟ್ಸ್ ಜಾಗದ ಮನೆಗೂ ಸಮಾನವಾಗಿ ಇರಬಹುದಾದ ಆಸ್ತಿಯೆಂದರೆ ಹಟ್ಟಿಯ ಒಂದು ದನ. ಕೆಲವು ಮನೆಗಳಲ್ಲಿ ಅದು ದನ, ಕೆಲವೆಡೆ ಪೆತ್ತ, ಇನ್ನು ಕೆಲವೆಡೆ ಪಶು. ಬೆಳಗ್ಗೆ ಸೊಸೈಟಿಗೆ ಹಾಲು ಅಳೆದುಕೊಟ್ಟು, ಖಾಲಿ ಕ್ಯಾನನ್ನು ಹಿಡಿದುಕೊಂಡೇ ತರಗತಿಗೆ ಬರುವ ಮಕ್ಕಳನ್ನು ನಾವು ಇಂದಿಗೂ ಕಾಣುತ್ತಿದ್ದೇವೆ. ಅವರ ಬಸ್ಸಿನ ಹಣ, ನೋಟುಪುಸ್ತಕದ ಹಣ ಆ ಕ್ಯಾನಿನಿಂದಲೇ ಬರುತ್ತದೆ.

ಕೆಲವು ವರ್ಷಗಳ ಹಿಂದೆ ಅಂತಹ ಒಬ್ಬ ವಿದ್ಯಾರ್ಥಿನಿ ವಾರಗಟ್ಟಲೆ ಗೈರುಹಾಜರಾದಳು. ಕಾರಣ ಕೇಳಲು ಮನೆಗೆ ಹೋದಾಗ ಹಟ್ಟಿ ಬರಿದಾಗಿತ್ತು. ಹಸು ಗಬ್ಬ ನಿಲ್ಲುತ್ತಿಲ್ಲ, ಮೂರು ಸಲ ಇಂಜೆಕ್ಷನ್ ಕೊಡಿಸಿದರೂ ಫಲವಿಲ್ಲ, ಗೊಡ್ಡು ಎಂದು ನಿರ್ಣಯಿಸಿ ಸಿಕ್ಕಿದ ಬೆಲೆಗೆ ಮಾರಿದ್ದರು. ನಾವು ಹೊರಡುವಾಗ ಆ ಹುಡುಗಿ ಅಂಗಳದ ತುದಿಯವರೆಗೆ ಬಂದು ಮೆಲ್ಲನೆ ಹೇಳಿದ ಮಾತು ಇದು: ಹಸು ಬೆದೆಗೆ ಬಂದುದನ್ನು ಪ್ರತಿ ಸಲವೂ ಮೊದಲು ಕಂಡವಳು ಅವಳೇ. ಮುಂಜಾನೆ ಹಟ್ಟಿಗೆ ಹೋಗುತ್ತಿದ್ದವಳು ಅವಳು. ಆದರೆ ಆ ಮಾತನ್ನು ತಂದೆಯ ಮುಂದೆ ಆಡುವುದಕ್ಕೆ ನಾಚಿಕೆ. ರಾತ್ರಿ ಕೆಲಸವೆಲ್ಲ ಮುಗಿದ ಮೇಲೆ ತಾಯಿಗೆ ಹೇಳುತ್ತಿದ್ದಳು. ತಾಯಿ ಮರುದಿನ ತಂದೆಗೆ ಹೇಳುತ್ತಿದ್ದರು. ಡಾಕ್ಟರರು ಬರುವಾಗ ಮರುದಿನದ ಸಂಜೆಯಾಗುತ್ತಿತ್ತು.

ಇದನ್ನು ಕೇಳಿದಾಗ ನಮಗೆ ನಮ್ಮದೇ ತರಗತಿ ನೆನಪಾಯಿತು. ಜೀವಶಾಸ್ತ್ರದಲ್ಲಿ ಸಂತಾನೋತ್ಪತ್ತಿಯ ಪಾಠ ಬಂದಾಗ ಅಂಡಾಶಯ, ಗರ್ಭಕೋಶ, ಅಂಡಾಣು ಎಂದು ಕರಿಹಲಗೆಯ ಮೇಲೆ ಬರೆದು, ಉಳಿದುದನ್ನು ಮನೆಯಲ್ಲಿ ಓದಿಕೊಳ್ಳಿರೆಂದು ಹೇಳಿ ಪುಟ ಮಗುಚಿದವರು ನಾವು. ಆ ಹುಡುಗಿಯ ನಾಚಿಕೆಗೆ ಶಾಲೆಯ ಪಾಲೂ ಇತ್ತು.

ನಾಚಿಕೆಯ ಬೆಲೆಯನ್ನು ಲೆಕ್ಕದಲ್ಲೇ ಹೇಳಬಹುದು. ಹಸುವಿನ ಋತುಚಕ್ರ ಸುಮಾರು 21 ದಿನಗಳದು. ಬೆದೆ ಇರುವುದು ಹೆಚ್ಚೆಂದರೆ 12ರಿಂದ 18 ಗಂಟೆ. ಬೆದೆಯ ಲಕ್ಷಣಗಳು ನಿಂತ ಮೇಲೆ ಸುಮಾರು 10ರಿಂದ 12 ಗಂಟೆಗಳಲ್ಲಿ ಅಂಡಾಣು ಬಿಡುಗಡೆಯಾಗುತ್ತದೆ. ಬಿಡುಗಡೆಯಾದ ಅಂಡಾಣು ಫಲಿತವಾಗುವ ಶಕ್ತಿಯನ್ನು ಕೆಲವೇ ಗಂಟೆಗಳ ಕಾಲ ಉಳಿಸಿಕೊಂಡಿರುತ್ತದೆ. ವೀರ್ಯಾಣುಗಳಾದರೋ ಗರ್ಭಕೋಶದೊಳಗೆ ಹಲವು ಗಂಟೆ ಕಳೆದು ಪಕ್ವವಾದ ಮೇಲೆಯೇ ಅಂಡಾಣುವನ್ನು ಸೇರಲು ಸಮರ್ಥವಾಗುತ್ತವೆ. ಆದುದರಿಂದ ಅವು ಮೊದಲೇ ಹೋಗಿ ಕಾದಿರಬೇಕು. ಬೆಳಗ್ಗೆ ಬೆದೆ ಕಂಡರೆ ಅದೇ ದಿನ ಸಂಜೆ, ಸಂಜೆ ಕಂಡರೆ ಮರುದಿನ ಬೆಳಗ್ಗೆ ಎಂಬ ಸೂತ್ರ ಹುಟ್ಟಿದ್ದು ಹೀಗೆ. ಆ ಮನೆಯಲ್ಲಿ ಮುಂಜಾನೆ ಕಂಡ ಬೆದೆಗೆ ಮರುದಿನದ ಸಂಜೆ ಇಂಜೆಕ್ಷನ್ ಸಿಗುತ್ತಿತ್ತು. ಆ ಹಸು ಗೊಡ್ಡಾಗಿರಬೇಕಾದ ಕಾರಣವೇ ಇರಲಿಲ್ಲ. ಮಾತು ತಡವಾಗುತ್ತಿತ್ತು, ಅಷ್ಟೆ.

ಇನ್ನೊಂದು ಲೆಕ್ಕವಿದೆ. ಹಸು ಗರ್ಭ ಹೊರುವುದು ಸುಮಾರು 280 ದಿನ. ವರ್ಷಕ್ಕೊಂದು ಕರು ಬೇಕಾದರೆ 365ರಿಂದ 280ನ್ನು ಕಳೆಯಿರಿ. ಉಳಿಯುವುದು 85 ದಿನ. ಕರು ಹಾಕಿದ ಮೇಲೆ ಗರ್ಭಕೋಶ ಮೊದಲಿನ ಸ್ಥಿತಿಗೆ ಮರಳಲು 45ರಿಂದ 60 ದಿನಗಳ ವಿಶ್ರಾಂತಿ ಬೇಕು. ಅಲ್ಲಿಗೆ ನಮ್ಮ ಕೈಯಲ್ಲಿ ಉಳಿಯುವುದು ಒಂದೋ ಎರಡೋ ಬೆದೆಗಳು ಮಾತ್ರ. ಒಂದು ತಪ್ಪಿದರೆ 21 ದಿನ ನಷ್ಟ, ಮೂರು ತಪ್ಪಿದರೆ 63 ದಿನ. ಅಷ್ಟು ದಿನವೂ ಹಿಂಡಿ, ಹುಲ್ಲು ತಪ್ಪುವುದಿಲ್ಲ. ಹಾಲು ಮಾತ್ರ ಇಳಿಯುತ್ತಾ ಹೋಗುತ್ತದೆ.

ನಮ್ಮ ಅಜ್ಜ ಅಜ್ಜಿಯರಿಗೆ ಈ ಗಂಟೆಗಳ ಲೆಕ್ಕವಿರಲಿಲ್ಲವಲ್ಲ ಎಂದು ನೀವು ಕೇಳಬಹುದು. ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಈ ಶಾಲೆ ಆರಂಭವಾದಾಗ ಈ ಊರು ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಆಗ ದನಗಳು ಗುಡ್ಡೆಯಲ್ಲಿ ಹೋರಿಗಳ ಜೊತೆಯಲ್ಲೇ ಮೇಯುತ್ತಿದ್ದವು. ಬೆದೆಯ ಗಳಿಗೆಯನ್ನು ಹೋರಿ ಮೂಸಿ ತಿಳಿಯುತ್ತಿತ್ತು; ಮನೆಯವರಿಗೆ ತಿಳಿಯುತ್ತಿದ್ದುದು ಹಸುವಿನ ಹೊಟ್ಟೆ ಇಳಿದಾಗ ಮಾತ್ರ.

ಮುಂದೆ ಕಾಲ ಬದಲಾಯಿತು. 1939ರಲ್ಲಿ ಮೈಸೂರಿನ ಅರಮನೆಯ ಡೈರಿಯಲ್ಲಿ ಡಾ. ಸಂಪತ್ ಕುಮಾರನ್ ಅವರು ಭಾರತದಲ್ಲೇ ಮೊದಲ ಬಾರಿಗೆ ಕೃತಕ ಗರ್ಭಧಾರಣೆಯನ್ನು ಕೈಗೊಂಡರು. 1949ರಲ್ಲಿ ಇಂಗ್ಲೆಂಡಿನ ಪೋಲ್ಜ್, ಸ್ಮಿತ್ ಮತ್ತು ಪಾರ್ಕ್ಸ್ ಎಂಬ ವಿಜ್ಞಾನಿಗಳು ಗ್ಲಿಸರಿನ್ ಬೆರೆಸಿದರೆ ವೀರ್ಯಾಣುಗಳು ಹೆಪ್ಪುಗಟ್ಟಿಯೂ ಬದುಕಬಲ್ಲವೆಂದು ತೋರಿಸಿಕೊಟ್ಟರು. ಇಂದು ಡಾಕ್ಟರರು ತರುವ ಪಾತ್ರೆಯೊಳಗೆ ದ್ರವರೂಪದ ಸಾರಜನಕದಲ್ಲಿ, ಶೂನ್ಯಕ್ಕಿಂತ 196 ಡಿಗ್ರಿ ಕೆಳಗಿನ ಶೈತ್ಯದಲ್ಲಿ ಮುಳುಗಿರುವ ಕಡ್ಡಿಯಂತಹ ನಳಿಕೆ ಆ ಶೋಧದ ಫಲ. ನಾಡು ಕೇರಳಕ್ಕೆ ಸೇರಿದ ಮೇಲೆ, 1961ರ ಜಾನುವಾರು ಸುಧಾರಣಾ ಕಾಯಿದೆಯಂತೆ ಪರವಾನಗಿಯಿಲ್ಲದ ಹೋರಿಯನ್ನು ಸಾಕುವಂತಿರಲಿಲ್ಲ. ಊರ ಹೋರಿಗಳ ಬೀಜ ಒಡೆಸಲಾಯಿತು. 1963ರಲ್ಲಿ ಸ್ವಿಟ್ಜರ್ಲೆಂಡಿನ ಸಹಕಾರದಿಂದ ಮಾಟುಪೆಟ್ಟಿಯಲ್ಲಿ ತಳಿ ಸುಧಾರಣೆಯ ಯೋಜನೆ ಆರಂಭವಾಯಿತು. ಬ್ರೌನ್ ಸ್ವಿಸ್, ಜೆರ್ಸಿ ಮುಂತಾದ ತಳಿಗಳೊಡನೆ ಊರ ಹಸುಗಳ ಸಂಕರದಿಂದ ಸುನಂದಿನಿ ಎಂಬ ತಳಿ ರೂಪುಗೊಂಡಿತು. ಲೋಟದಲ್ಲಿ ಅಳೆಯುತ್ತಿದ್ದ ಹಾಲು ಕ್ಯಾನಿಗೆ ಏರಿತು. ಇದು ಸಣ್ಣ ಉಪಕಾರವಲ್ಲ.

ಆದರೆ ಹೋರಿ ಗುಡ್ಡೆಯಿಂದ ಮರೆಯಾದಾಗ ಅದು ಮಾಡುತ್ತಿದ್ದ ಎರಡು ಕೆಲಸಗಳಲ್ಲಿ ಒಂದನ್ನು ಮಾತ್ರ ನಳಿಕೆ ವಹಿಸಿಕೊಂಡಿತು. ಬೆದೆಯನ್ನು ಕಂಡುಹಿಡಿಯುವ ಇನ್ನೊಂದು ಕೆಲಸ ಮನೆಯವರ ಪಾಲಿಗೆ ಬಂತು. ಹೋರಿಗೆ ನಾಚಿಕೆಯಿರಲಿಲ್ಲ. ನಮಗಿದೆ.

ಆ ಘಟನೆಯ ಬಳಿಕ ನಾವು ಅಧ್ಯಾಪಕರೆಲ್ಲ ಕುಳಿತು ಒಂದು ನಿರ್ಧಾರ ಮಾಡಿದೆವು. ಪಾಠವನ್ನು ಮಕ್ಕಳಿಗೆ ಗೊತ್ತಿರುವ ಮಾತುಗಳಿಂದಲೇ ಆರಂಭಿಸುವುದು. ಬೆದೆ, ಗಬ್ಬ, ಕಡಸು, ಮಾಸು, ಗಿಣ್ಣುಹಾಲು, ಕಂದು ಹಾಕುವುದು: ಇವು ಹಿಂದಿನವರು ಹಟ್ಟಿಯಲ್ಲಿ ನಿಂತು ಕಂಡು ಕಟ್ಟಿದ ಶಾಸ್ತ್ರದ ಪದಗಳು. ಕರಿಹಲಗೆಯ ಒಂದು ಬದಿಯಲ್ಲಿ ಇವನ್ನು ಬರೆದು, ಇನ್ನೊಂದು ಬದಿಯಲ್ಲಿ ಪುಸ್ತಕದ ಪದಗಳನ್ನು ಬರೆದೆವು. ಮೊದಲ ದಿನ ನಗು, ಎರಡನೆಯ ದಿನ ಪಿಸುಮಾತು. ಮೂರನೆಯ ದಿನ ಪ್ರಶ್ನೆಗಳು ಆರಂಭವಾದವು.

ಹಸುವಿರುವ ಪ್ರತಿ ಮಗುವೂ ಒಂದು ಹಟ್ಟಿ ಪುಸ್ತಕವನ್ನಿಟ್ಟಿತು. ಬೆದೆ ಕಂಡ ದಿನ ಮತ್ತು ಹೊತ್ತು, ಇಂಜೆಕ್ಷನ್ ಕೊಟ್ಟ ಹೊತ್ತು, ನಳಿಕೆಯ ಮೇಲಿರುವ ಹೋರಿಯ ಸಂಖ್ಯೆ, ಕರು ಹಾಕಿದ ದಿನ. ಚೀಟಿ ಮಲಯಾಳದಲ್ಲಿದ್ದರೆ ಮಕ್ಕಳು ಅದನ್ನು ಕನ್ನಡಕ್ಕೆ ಇಳಿಸಿ ಬರೆದರು. ಅವರು ಕಲಿತ ಲಕ್ಷಣಗಳು ಸರಳವಾದವು. ಕೂಗುವುದು, ಮೇವು ಕಡಿಮೆಮಾಡುವುದು, ಗಾಜಿನಂತಹ ತಿಳಿಯಾದ ಲೋಳೆ ಸುರಿಯುವುದು ಸೂಚನೆಗಳು. ಇನ್ನೊಂದು ದನ ಮೇಲೇರಿದಾಗ ಕದಲದೆ ನಿಲ್ಲುವುದು ಖಚಿತವಾದ ಗುರುತು. ನಮ್ಮ ಸೆಕೆಯ ನಾಡಿನಲ್ಲಿ ಇವು ಹೆಚ್ಚಾಗಿ ಕಾಣುವುದು ರಾತ್ರಿ ಮತ್ತು ನಸುಕಿನ ತಂಪಿನಲ್ಲಿ. ಬೆದೆ ಕಳೆದು ಒಂದೆರಡು ದಿನಗಳಲ್ಲಿ ಸ್ವಲ್ಪ ರಕ್ತ ಕಂಡರೆ ಅದು ಬೆದೆಯೂ ಅಲ್ಲ, ಗರ್ಭ ನಿಲ್ಲಲಿಲ್ಲವೆಂಬುದರ ಸಾಕ್ಷಿಯೂ ಅಲ್ಲ. ಬೆದೆ ಕಳೆದಿದೆ ಎಂದಷ್ಟೇ ಅದರ ಅರ್ಥ. ಅಂದು ಪುಸ್ತಕದಲ್ಲಿ ಬರೆದು, ಹದಿನೆಂಟನೆಯ ದಿನದಿಂದ ಕಣ್ಣಿಡಬೇಕು. ಬೆದೆ ಮರಳದಿದ್ದರೂ ಎರಡು ಮೂರು ತಿಂಗಳಲ್ಲಿ ಡಾಕ್ಟರರಿಂದ ಪರೀಕ್ಷೆ ಮಾಡಿಸಬೇಕು. ಸರಿಯಾದ ಹೊತ್ತಿಗೆ ಮೂರು ಸಲ ಕೊಡಿಸಿಯೂ ನಿಲ್ಲದಿದ್ದರೆ ಅದು ಚಿಕಿತ್ಸೆಗೆ ಕಾರಣವೇ ಹೊರತು ಮಾರಾಟಕ್ಕಲ್ಲ.

ಆ ಪುಸ್ತಕಗಳಿಂದ ನಾವು ನಿರೀಕ್ಷಿಸದ ಪಾಠಗಳೂ ಹೊರಟವು. ಗಂಡು ಕರು ಹುಟ್ಟಿತೆಂದು ಅಜ್ಜಿ ಹಸುವನ್ನು ಬೈದರೆಂದು ಒಬ್ಬ ಹುಡುಗ ಹೇಳಿದ. ಹಸುವಿಗೆ 60 ವರ್ಣತಂತುಗಳು; ತಾಯಿಯಿಂದ 30, ತಂದೆಯಿಂದ 30. ಕರು ಹೆಣ್ಣೋ ಗಂಡೋ ಎಂದು ತೀರ್ಮಾನಿಸುವುದು ಹೋರಿಯ ವೀರ್ಯಾಣು ಎಂದು ವಿವರಿಸಿದೆವು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, ಮನುಷ್ಯರಲ್ಲಿಯೂ ಹಾಗೆಯೇ ಅಲ್ಲವೇ ಎಂದು ಕೇಳಿದಳು. ಹೌದು ಎಂದೆವು. ಗೊಡ್ಡು ಎಂಬ ಮಾತು ಯಾರ ಯಾರ ಮೇಲೆ ಪ್ರಯೋಗವಾಗುತ್ತದೆಂದು ಬಲ್ಲ ಆ ಮಕ್ಕಳಿಗೆ ಹೆಚ್ಚಿನ ವಿವರಣೆ ಬೇಕಾಗಲಿಲ್ಲ.

ಹೋರಿಯ ಸಂಖ್ಯೆಯನ್ನು ಬರೆದಿಡುವುದರ ಪ್ರಯೋಜನವೂ ದೊಡ್ಡದು. ಒಂದೇ ಹೋರಿಯ ವೀರ್ಯ ಅದರ ಮಗಳಿಗೇ ಮತ್ತೆ ಬಿದ್ದರೆ ಹುಟ್ಟುವ ಕರುವಿನಲ್ಲಿ ಒಳಸಂಕರದ ಪ್ರಮಾಣ ಶೇಕಡಾ 25ಕ್ಕೆ ಏರುತ್ತದೆ. ಬಲಹೀನತೆಯೂ ಗರ್ಭ ನಿಲ್ಲದಿರುವಿಕೆಯೂ ಅದರ ಬೆನ್ನ ಹಿಂದೆ ಬರುತ್ತವೆ. ಹಾಗೆಯೇ, ವಿದೇಶಿ ರಕ್ತ ಹೆಚ್ಚಿದಷ್ಟೂ ಹಾಲು ಹೆಚ್ಚುತ್ತದೆಂದು ತಿಳಿಯಬಾರದು. ಅರ್ಧಾಂಶದ ಹಸು ಮುಕ್ಕಾಲಾಗಿ, ಮತ್ತೆ ಅದಕ್ಕಿಂತ ಹೆಚ್ಚಾದಂತೆ, ಸೆಕೆಯನ್ನೂ ಉಣ್ಣಿಯನ್ನೂ ತಡೆದುಕೊಳ್ಳುವ ಶಕ್ತಿ ಕುಗ್ಗುತ್ತದೆ. ಬೆದೆಯ ಲಕ್ಷಣಗಳೂ ಮಂಕಾಗುತ್ತವೆ.

ಇಲ್ಲಿ ನಮ್ಮದೇ ಮಣ್ಣಿನ ಕಾಸರಗೋಡು ಗಿಡ್ಡ ತಳಿಯನ್ನು ನೆನೆಯಬೇಕು. ಕೊಡುವ ಹಾಲು ಕಡಿಮೆ. ಆದರೆ ಗುಡ್ಡೆಯ ಹುಲ್ಲಿನಲ್ಲಿ ಬದುಕಿ, ಮಳೆ ಬಿಸಿಲು ಸಹಿಸಿ, ಯಾರ ಸಹಾಯವೂ ಇಲ್ಲದೆ ಕರು ಹಾಕುವ ಜಾತಿ ಅದು. ಹೋರಿಗಳ ಬೀಜ ಒಡೆಸಿದ ಕಾಲದಲ್ಲಿ ಇದೂ ವೆಚೂರಿನ ಗಿಡ್ಡ ಹಸುವೂ ಕ್ಷೀಣಿಸಿದವು. 1989ರಲ್ಲಿ ಕೃಷಿ ವಿಶ್ವವಿದ್ಯಾಲಯದ ಡಾ. ಶೋಶಮ್ಮ ಐಪ್ ಮತ್ತು ಅವರ ವಿದ್ಯಾರ್ಥಿಗಳು ವೆಚೂರು ಹಸುವನ್ನು ಹುಡುಕಿ ಉಳಿಸಿದರು. ನಮ್ಮ ಗಿಡ್ಡಕ್ಕೆ ಬದಿಯಡ್ಕದ ಬೇಳದಲ್ಲಿ ಸರಕಾರದ ಸಂರಕ್ಷಣಾ ಕೇಂದ್ರವಿದೆ. ಮಿಶ್ರತಳಿ ಬೇಡವೆಂದು ನಾವು ಹೇಳುತ್ತಿಲ್ಲ; ಮನೆಯ ಖರ್ಚು ಹಾಲಿನಿಂದ ನಡೆಯಬೇಕು. ಆದರೆ ಗಿಡ್ಡ ಹಸು ಉಳಿದಿರುವ ಮನೆಯವರು ಅದಕ್ಕೆ ಯಾವ ಹೋರಿಯ ವೀರ್ಯವೆಂದು ಕೇಳದೆ ಇಂಜೆಕ್ಷನ್ ಕೊಡಿಸಬೇಡಿರಿ. ದೊಡ್ಡ ತಳಿಯ ಕರುವನ್ನು ಈಯುವಾಗ ಗಿಡ್ಡ ಹಸುವಿನ ಜೀವಕ್ಕೇ ಅಪಾಯ ಬರಬಹುದು.

ಪೋಷಕರಲ್ಲಿ ನಮ್ಮದೊಂದೇ ವಿನಂತಿ. ನಿಮ್ಮ ಮಗಳು ನಸುಕಿನಲ್ಲಿ ಹಟ್ಟಿಯಿಂದ ಬಂದು ದನ ಬೆದೆಗೆ ಬಂದಿದೆ ಎಂದು ಹೇಳಿದರೆ, ಅವಳ ಬಾಯಿ ಮುಚ್ಚಿಸಬೇಡಿರಿ. ಹೊತ್ತೆಷ್ಟು ಎಂದು ಕೇಳಿರಿ. ದನದ ವಿಷಯವನ್ನು ಅಳುಕಿಲ್ಲದೆ ಹೇಳಬಲ್ಲ ಹುಡುಗಿ ನಾಳೆ ತನ್ನ ದೇಹದ ನೋವನ್ನೂ ತಾಯಿಗೆ, ಡಾಕ್ಟರಿಗೆ ಹೇಳಬಲ್ಲಳು. ಮಾತೃಭಾಷೆಯ ಶಾಲೆ ಏಕೆ ಬೇಕೆಂದು ಈ ಗಡಿನಾಡಿನಲ್ಲಿ ನಮ್ಮನ್ನು ಆಗಾಗ ಕೇಳುತ್ತಾರೆ. ಹೇಳಬೇಕಾದುದನ್ನು ಹೇಳಬೇಕಾದ ಹೊತ್ತಿಗೆ ಹೇಳಲು ಬರಲಿ ಎಂಬುದಕ್ಕಾಗಿ ಎನ್ನುವುದೇ ನಮ್ಮ ಉತ್ತರ.

ಮಾರಿದ ಆ ಹಸು ಮರಳಿ ಬರಲಿಲ್ಲ. ಹುಡುಗಿ ಶಾಲೆಗೆ ಮರಳಿದಳು. ಹಟ್ಟಿ ಪುಸ್ತಕದ ಕಾಲಂಗಳನ್ನು ಮೊದಲು ಗೆರೆ ಹಾಕಿ ಕೊಟ್ಟವಳು ಅವಳೇ. ಈಗಿನ ಮಕ್ಕಳು ಬಳಸುವುದೂ ಅದೇ ಕಾಲಂಗಳನ್ನು.