ಮುಖಕ್ಕೆ ತಳಬಣ್ಣ: ಅರ್ದಾಳದಿಂದ ಫೌಂಡೇಷನ್‌ವರೆಗೆ

(ಉಪನ್ಯಾಸದ ಪಠ್ಯ)



ಕೆಂಚಾರ್ಲಹಳ್ಳಿ, ಚಿಂತಾಮಣಿ, ಕೈವಾರದ ಸೀಮೆಯಲ್ಲಿ ಪೌರಾಣಿಕ ನಾಟಕವೆಂದರೆ ಊರಿಗೇ ಹಬ್ಬ. ಕನ್ನಡ, ತೆಲುಗು ಎರಡೂ ಬೆರೆತ ಈ ನೆಲದಲ್ಲಿ ಹಗಲು ಹೊಲದಲ್ಲಿ ದುಡಿದವರೇ ರಾತ್ರಿ ಕೃಷ್ಣ, ದುರ್ಯೋಧನರಾಗುತ್ತಾರೆ. ಹುಬ್ಬು, ಮೀಸೆ, ನಾಮ ಬರೆಯುವ ಮುನ್ನ ಮುಖಕ್ಕೆಲ್ಲ ಒಂದೇ ಸಮನೆ ತಳಬಣ್ಣ ಹಚ್ಚುವುದು ವಾಡಿಕೆ. ಇಂದು ಅಂಗಡಿಗಳಲ್ಲಿ ‘ಫೌಂಡೇಷನ್’ ಎಂದು ಮಾರಾಟವಾಗುವುದು ಇದರ ಇನ್ನೊಂದು ರೂಪ.

ಹಿಂದೆ ಬಣ್ಣಗಾರರು ಪುಡಿಗಳನ್ನು ತಂದು ಕೊಬ್ಬರಿ ಎಣ್ಣೆಯಲ್ಲಿ ತಾವೇ ಕಲಸುತ್ತಿದ್ದರು. ಬಿಳುಪಿಗೆ ಸಫೇದ, ಹಳದಿಗೆ ಅರ್ದಾಳ, ಕೆಂಪಿಗೆ ಇಂಗಳೀಕ, ಕಪ್ಪಿಗೆ ಕಾಡಿಗೆ. ಕರಾವಳಿಯ ಯಕ್ಷಗಾನದ ಚೌಕಿಯಲ್ಲೂ ಇವೇ ಬಣ್ಣಗಳಿದ್ದವು. ಆದರೆ ಅರ್ದಾಳ ಎಂಬುದು ಆರ್ಸೆನಿಕ್ ಮತ್ತು ಗಂಧಕದ ಸಂಯುಕ್ತ. ಇಂಗಳೀಕ ಪಾದರಸ ಮತ್ತು ಗಂಧಕದ್ದು. ಕಲೆಗಾಗಿ ಮುಖವೊಡ್ಡಿದವರು ತಿಳಿಯದೆಯೇ ವಿಷವನ್ನೂ ಬಳಿದುಕೊಂಡಿದ್ದರು. ಭಾರತದ 2020ರ ಸೌಂದರ್ಯವರ್ಧಕ ನಿಯಮಗಳು ಬಣ್ಣಕ್ಕಾಗಿ ಸೀಸ, ಆರ್ಸೆನಿಕ್ ಬಳಸುವುದನ್ನು ನಿಷೇಧಿಸಿವೆ.

ಪಶ್ಚಿಮದಲ್ಲಿ ಬಣ್ಣದ ಸಿನಿಮಾ ಬಂದಾಗ ಎಣ್ಣೆಬಣ್ಣದ ಹೊಳಪು ತೊಡಕಾಯಿತು. ಒದ್ದೆ ಸ್ಪಂಜಿನಿಂದ ಹಚ್ಚುವ ‘ಪ್ಯಾನ್‌ಕೇಕ್’ ಅನ್ನು ಮ್ಯಾಕ್ಸ್ ಫ್ಯಾಕ್ಟರ್ ಸಂಸ್ಥೆ ರೂಪಿಸಿತು. 1938ರ ಹೊತ್ತಿಗೆ ಅದು ಸಾಮಾನ್ಯ ಗ್ರಾಹಕರ ಕೈಗೂ ಬಂತು. ನಮ್ಮಲ್ಲಿ ಟಾಟಾ ಸಮೂಹ 1952ರಲ್ಲಿ ಲ್ಯಾಕ್ಮೆಯನ್ನು ಆರಂಭಿಸಿತು.

ಹಾಗಾದರೆ ಆರಿಸುವುದು ಹೇಗೆ? ಮುಖ ತೊಳೆದು, ಏನನ್ನೂ ಹಚ್ಚದೆ ಒಂದು ಗಂಟೆ ಬಿಡಿ. ಹಣೆ, ಮೂಗು ಜಿಡ್ಡಾದರೆ ಅದು ಎಣ್ಣೆ ಚರ್ಮ. ಎಣ್ಣೆಯಿಲ್ಲದ, ನೀರಿನ ಅಂಶದ್ದೋ ಪುಡಿಯದ್ದೋ ಸಾಕು. ಚರ್ಮ ಬಿಗಿದು ಬಿಳಿಚಿದರೆ ಒಣ ಚರ್ಮ. ನಮ್ಮ ಬಯಲುಸೀಮೆಯ ಚಳಿಗಾಲದಲ್ಲಿ ಇದು ಸಾಮಾನ್ಯ. ಇಂಥವರು ಮೊದಲು ತೇವ ಕೊಡುವ ಕ್ರೀಮ್ ಸವರಿ, ಬಳಿಕ ಕ್ರೀಮ್ ರೂಪದ ಫೌಂಡೇಷನ್ ಹಚ್ಚಬೇಕು. ಬೇಗ ತುರಿಕೆ ಬರುವ ಚರ್ಮದವರು ಮೊಣಕೈಯ ಒಳಭಾಗಕ್ಕೆ ಸ್ವಲ್ಪ ಹಚ್ಚಿ ಒಂದು ದಿನ ಕಾದು ನೋಡುವುದು ಕ್ಷೇಮ.

ಬಣ್ಣದ ಛಾಯೆಯನ್ನು ಮುಂಗೈ ಮೇಲೆ ಪರೀಕ್ಷಿಸುವುದು ಸರಿಯಲ್ಲ. ದವಡೆಯಂಚಿಗೆ ಸವರಿ, ಅಂಗಡಿಯ ದೀಪದಲ್ಲಲ್ಲ, ಹಗಲ ಬೆಳಕಿನಲ್ಲಿ ನೋಡಬೇಕು. ಚರ್ಮದಲ್ಲಿ ಬೆರೆತು ಕಾಣದಂತಾದರೆ ಅದೇ ಸರಿಯಾದ ಛಾಯೆ. ಬೆಳ್ಳಗೆ ಕಾಣಲೆಂದು ಎರಡು ಮೆಟ್ಟಿಲು ತಿಳಿಯದನ್ನು ಕೊಂಡರೆ ಮುಖಕ್ಕೊಂದು ಬಣ್ಣ, ಕುತ್ತಿಗೆಗೊಂದು ಬಣ್ಣವಾಗಿ ಬೂದಿ ಬಳಿದಂತಿರುತ್ತದೆ.

ಈ ಬಿಳುಪಿನ ಮೋಹ ಬರೀ ಅಂದದ ಮಾತಲ್ಲ. 2023ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಮೂತ್ರಪಿಂಡದ ಕಾಯಿಲೆಗೆ ತುತ್ತಾದ ಹಲವರು ಚರ್ಮ ಬೆಳ್ಳಗಾಗಿಸುವ ಕ್ರೀಮ್ ಬಳಸಿದ್ದುದು ಬೆಳಕಿಗೆ ಬಂತು. ಆ ಕ್ರೀಮ್‌ಗಳಲ್ಲಿ ಪಾದರಸವಿತ್ತು. ಇಂಗಳೀಕದ ಪಾದರಸ ಚೌಕಿಯಿಂದ ಹೊರಟು ಹೊಸ ಡಬ್ಬಿಯಲ್ಲಿ ಮನೆಗೆ ಬಂದಂತಾಯಿತು.

ಆದ್ದರಿಂದ ತಯಾರಕರ ವಿಳಾಸ, ಪರವಾನಗಿ ಸಂಖ್ಯೆ, ಒಳಗಿನ ವಸ್ತುಗಳ ಪಟ್ಟಿ, ಅವಧಿ ಮುಗಿಯುವ ದಿನಾಂಕ ಇಲ್ಲದ ಡಬ್ಬಿಯನ್ನು ಕೊಳ್ಳಬೇಡಿ. ನಾಟಕದ ತಂಡಗಳೂ ಬಿಡಿಯಾಗಿ ಸಿಗುವ ಹಳೆಯ ಪುಡಿಗಳನ್ನು ಕೈಬಿಡಲಿ. ಆಟ ಮುಗಿದೊಡನೆ ಬಣ್ಣವನ್ನು ಕೊಬ್ಬರಿ ಎಣ್ಣೆಯಿಂದ ಒರೆಸಿ, ಮುಖ ತೊಳೆದೇ ಮಲಗಿ.