ಬಣ್ಣ ಮೊದಲು ಗುರುವಿನ ಕೈಗೆ ಅಂಟಲಿ

(ಮಲೆನಾಡಿನ ಪ್ರಾಥಮಿಕ ಶಾಲಾ ಶಿಕ್ಷಕರ ಕಲಾ ತರಬೇತಿ ಶಿಬಿರದ ಆರಂಭದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಮಲೆನಾಡಿನ ಒಂದು ಪ್ರಾಥಮಿಕ ಶಾಲೆಗೆ ಹೋಗಿ, ಮಕ್ಕಳ ಕೈಗೆ ಹಾಳೆ ಕೊಟ್ಟು, ‘ನಿಮ್ಮ ಊರಿನ ಚಿತ್ರ ಬರೆಯಿರಿ’ ಎಂದರೆ ಹೆಚ್ಚಿನ ಹಾಳೆಗಳಲ್ಲಿ ಮೂಡುವುದು ಒಂದೇ ಚಿತ್ರ. ತ್ರಿಕೋನಾಕಾರದ ಎರಡು ಗುಡ್ಡ, ಅವುಗಳ ನಡುವೆ ಕಿರಣ ಚೆಲ್ಲುವ ಸೂರ್ಯ, ಕೆಳಗೆ ಹಾವಿನಂತೆ ಹರಿಯುವ ಹೊಳೆ, ದಂಡೆಯಲ್ಲೊಂದು ಗುಡಿಸಲು, ಒಂದು ತೆಂಗಿನ ಮರ. ಬಯಲುಸೀಮೆಯ ಮಗುವೂ ಇದನ್ನೇ ಬರೆಯುತ್ತದೆ, ಬೆಂಗಳೂರಿನ ಮಗುವೂ ಇದನ್ನೇ ಬರೆಯುತ್ತದೆ. ಆದರೆ ಶಾಲೆಯ ಕಿಟಕಿಯಾಚೆ ಕಾಣುವ ಗುಡ್ಡ ತ್ರಿಕೋನವಲ್ಲ. ಬೆನ್ನು ದುಂಡಾದ, ಕಾಡು ಹೊದ್ದ, ಒಂದರ ಹಿಂದೊಂದು ಮಸುಕಾಗುತ್ತ ಸಾಗುವ ಸಾಲು ಅದು. ಮಗು ಅದನ್ನು ದಿನವೂ ಕಾಣುತ್ತದೆ. ಹಾಳೆಯ ಮುಂದೆ ಕುಳಿತಾಗ ಮರೆಯುತ್ತದೆ.

ತಪ್ಪು ಮಗುವಿನದಲ್ಲ. ಕಪ್ಪು ಹಲಗೆಯ ಮೇಲಿದ್ದುದನ್ನು ಅದು ಶ್ರದ್ಧೆಯಿಂದ ನಕಲು ಮಾಡಿದೆ. ಹಲಗೆಯ ಮೇಲೆ ಬರೆದ ಗುರುಗಳದೂ ತಪ್ಪಲ್ಲ. ಅವರ ಬಾಲ್ಯದಲ್ಲಿ ಅವರ ಗುರುಗಳು ಬರೆದು ತೋರಿದ್ದೂ ಅದೇ ಚಿತ್ರ. ತಲೆಮಾರಿನಿಂದ ತಲೆಮಾರಿಗೆ ಇಳಿದು ಬಂದ ಈ ನಕಲಿನ ಸರಪಳಿಯನ್ನು ಎಲ್ಲಿ ತುಂಡರಿಸಬೇಕು ಎಂಬುದೇ ಈ ಶಿಬಿರದ ಪ್ರಶ್ನೆ. ಅದು ಮಗುವಿನಲ್ಲಿ ತುಂಡಾಗುವುದಕ್ಕೆ ಮೊದಲು ಶಿಕ್ಷಕರಲ್ಲಿ ತುಂಡಾಗಬೇಕು.

ಇಲ್ಲಿ ಕಾನೂನಿನ ಒಂದು ಮಾತು ಅಗತ್ಯ. 2009ರ ಶಿಕ್ಷಣ ಹಕ್ಕು ಕಾಯ್ದೆಯು 2010ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಅದರ ಅನುಸೂಚಿಯ ಪ್ರಕಾರ ಕಲಾ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರನ್ನು ನೀಡಬೇಕಾದುದು ಆರರಿಂದ ಎಂಟನೆಯ ತರಗತಿಗಳಿಗೆ. ಅದೂ ಮಕ್ಕಳ ಸಂಖ್ಯೆ 100 ದಾಟಿದರೆ ಮಾತ್ರ. ಒಂದರಿಂದ ಐದನೆಯ ತರಗತಿಗಳಿಗೆ ಪ್ರತ್ಯೇಕ ಕಲಾ ಶಿಕ್ಷಕರ ಮಾತೇ ಇಲ್ಲ. 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು ಎಂಬುದು ಅಲ್ಲಿನ ಲೆಕ್ಕ. ಮನೆಗಳು ದೂರದೂರ ಚದುರಿರುವ ಮಲೆನಾಡಿನಲ್ಲಿ ಒಂದು ಹಿರಿಯ ಪ್ರಾಥಮಿಕ ಶಾಲೆಗೆ ನೂರು ಮಕ್ಕಳು ಸೇರುವುದು ಎಷ್ಟು ಕಡೆ? ಆದ್ದರಿಂದ ಗುಡ್ಡದ ಮೇಲಿನ ಶಾಲೆಗೆ ಚಿತ್ರಕಲೆಯ ಮೇಷ್ಟರು ಬರುತ್ತಾರೆಂದು ಕಾಯುವುದು ವ್ಯರ್ಥ. ಕನ್ನಡ, ಗಣಿತ, ಪರಿಸರ ಅಧ್ಯಯನ ಕಲಿಸುವ, ಬಿಸಿಯೂಟದ ಲೆಕ್ಕ ಬರೆಯುವ ಅದೇ ಶಿಕ್ಷಕಿ ಹಾಡನ್ನೂ ಬಣ್ಣವನ್ನೂ ನಾಟಕವನ್ನೂ ತರಗತಿಗೆ ತರಬೇಕು. ಆಕೆ ತಾರದಿದ್ದರೆ ಆ ಮಗುವಿನ ಐದು ವರ್ಷಗಳಲ್ಲಿ ಕಲೆ ಎಂಬುದು ಬರುವುದೇ ಇಲ್ಲ.

ಕಾಗದದ ಮೇಲೆ ಕಲೆಗೆ ಗೌರವದ ಕೊರತೆಯಿಲ್ಲ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಸಂಗೀತ, ನೃತ್ಯ, ದೃಶ್ಯಕಲೆ, ರಂಗಭೂಮಿ ಈ ನಾಲ್ಕನ್ನೂ ಹತ್ತನೆಯ ತರಗತಿಯವರೆಗೆ ಕಡ್ಡಾಯ ಮಾಡಬೇಕೆಂದಿತು. ಶಿಕ್ಷಕ ಶಿಕ್ಷಣದ ಪಠ್ಯಕ್ರಮದಲ್ಲಿಯೂ ಲಲಿತಕಲೆ, ನಾಟಕಗಳಿಗೆ ಜಾಗ ದೊರೆತಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಕಲೆಯನ್ನು ಕಲಿಕೆಯೊಂದಿಗೆ ಬೆಸೆಯುವ ಮಾತನಾಡಿದೆ. ಆದರೂ ಪರೀಕ್ಷೆ ಹತ್ತಿರ ಬಂದೊಡನೆ ಕಲೆಯ ಅವಧಿ ಗಣಿತದ ಪಾಲಾಗುತ್ತದೆ. ಇದಕ್ಕೆ ಸಮಯದ ಅಭಾವವಷ್ಟೇ ಕಾರಣವಲ್ಲ. ‘ನನಗೆ ಚಿತ್ರ ಬರೆಯಲು ಬರುವುದಿಲ್ಲ, ನನ್ನ ಕಂಠ ಚೆನ್ನಾಗಿಲ್ಲ’ ಎಂಬ ಶಿಕ್ಷಕರ ಅಳುಕು ಅದಕ್ಕಿಂತ ದೊಡ್ಡ ಕಾರಣ. ಆ ಅಳುಕನ್ನು ಸುತ್ತೋಲೆಯಿಂದ ನಿವಾರಿಸಲು ಸಾಧ್ಯವಿಲ್ಲ. ಕಲೆಯ ಮಹತ್ವವನ್ನು ಕುರಿತ ಇಡೀ ದಿನದ ಉಪನ್ಯಾಸದಿಂದಲೂ ಸಾಧ್ಯವಿಲ್ಲ. ಈಜನ್ನು ದಂಡೆಯ ಮೇಲೆ ಕಲಿಸಲಾಗುವುದಿಲ್ಲ.

ಈ ವಿಚಾರಕ್ಕೆ ಈ ನೆಲದಲ್ಲಿ ಗಟ್ಟಿಯಾದ ಪರಂಪರೆಯಿದೆ. ರವೀಂದ್ರನಾಥ ಠಾಕೂರರು 1901ರಲ್ಲಿ ಶಾಂತಿನಿಕೇತನದಲ್ಲಿ ಶಾಲೆ ತೆರೆದಾಗ ಹಾಡು, ಚಿತ್ರ, ಋತುಗಳ ಉತ್ಸವ ಇವು ಪಾಠದ ಹೊರಗಿನ ಸಂಗತಿಗಳಾಗಿರಲಿಲ್ಲ. ಅಲ್ಲಿ 1919ರಲ್ಲಿ ಆರಂಭವಾದ ಕಲಾಭವನದಲ್ಲಿ ಕಲಿತ ದೇವಿ ಪ್ರಸಾದರು 1944ರಲ್ಲಿ ಗಾಂಧೀಜಿಯವರ ಸೇವಾಗ್ರಾಮಕ್ಕೆ ಬಂದು, ನಯೀ ತಾಲೀಮ್ ಶಾಲೆಯ ಹಳ್ಳಿಮಕ್ಕಳಿಗೆ ಕಲಾ ಶಿಕ್ಷಕರಾದರು. ಕಲೆಯೇ ಶಿಕ್ಷಣದ ಬುನಾದಿ ಎಂಬ ತಮ್ಮ ಅನುಭವವನ್ನು ಅವರು ಗ್ರಂಥರೂಪದಲ್ಲಿ ನೀಡಿದ್ದಾರೆ. ಕನ್ನಡ ನಾಡಿನಲ್ಲಿ ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳೊಡನೆ ಆಟ, ನಾಟಕ, ಕುಣಿತಗಳ ಪ್ರಯೋಗ ನಡೆಸಿದರು. ಇನ್ನೂ ಸಮೀಪದ ಉದಾಹರಣೆ ನಲಿ-ಕಲಿ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲಾ ಶಿಕ್ಷಕರು ರಿಷಿ ವ್ಯಾಲಿಯ ವಿಧಾನವನ್ನು ಕಂಡು, ಅದನ್ನು ಕನ್ನಡಕ್ಕೆ ಒಗ್ಗಿಸಿಕೊಂಡು, ಕಲಿಕಾ ಕಾರ್ಡುಗಳನ್ನು ರೂಪಿಸಿದರು. ಹಾಡು, ಕಥೆ, ಆಟಗಳು ತರಗತಿಯೊಳಗೆ ಬಂದವು. ಸಾಮಾನ್ಯ ಶಿಕ್ಷಕರ ಕೈಯಿಂದ ಇದು ಆಗುವ ಕೆಲಸ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಆದರೆ ಅಕ್ಷರ ಕಲಿಸಲು ಹಾಡನ್ನು ಬಳಸುವುದು ಒಂದು, ಹಾಡನ್ನು ಹಾಡಿಗಾಗಿಯೇ ಕೇಳಲು ಕಲಿಸುವುದು ಇನ್ನೊಂದು. ಮೊದಲನೆಯದು ಬಂದಿದೆ, ಎರಡನೆಯದು ಬರಬೇಕಾಗಿದೆ.

ಹಾಗಾದರೆ ತರಬೇತಿ ಹೇಗಿರಬೇಕು?

ಮೊದಲನೆಯದಾಗಿ, ಶಿಕ್ಷಕರು ಸ್ವತಃ ಮಾಡಬೇಕು. ಅಂಗಳದಿಂದ ಒಂದು ಹಲಸಿನ ಎಲೆ ತಂದು, ಹಾಳೆಯನ್ನು ನೋಡದೆ ಎಲೆಯನ್ನೇ ನೋಡುತ್ತ, ಅದರ ಅಂಚಿನ ಗುಂಟ ಪೆನ್ಸಿಲನ್ನು ನಡೆಸುವ ಅಭ್ಯಾಸ ಸಣ್ಣದು. ಮೂಡುವ ಗೆರೆ ಸೊಟ್ಟಗಿರುತ್ತದೆ, ಎಲ್ಲರೂ ನಗುತ್ತಾರೆ. ಆದರೆ ಹುಳು ತಿಂದ ತೂತು, ಬಾಗಿದ ತೊಟ್ಟು, ಎಡಬಲಕ್ಕೆ ಸಮನಾಗಿರದ ನರಗಳು ಅಂದು ಮೊದಲ ಬಾರಿಗೆ ಕಣ್ಣಿಗೆ ಬೀಳುತ್ತವೆ. ಚಿತ್ರಕಲೆಯ ಮೊದಲ ಪಾಠ ಕೈಯದಲ್ಲ, ಕಣ್ಣಿನದು ಎಂಬುದು ಆಗ ಹೇಳದೆಯೇ ತಿಳಿಯುತ್ತದೆ.

ಎರಡನೆಯದಾಗಿ, ಮಗುವಿನ ಚಿತ್ರ ಬೆಳೆಯುವ ಬಗೆಯನ್ನು ಅರಿಯಬೇಕು. ವಿಕ್ಟರ್ ಲೋವೆನ್‌ಫೆಲ್ಡ್ 1947ರ ತಮ್ಮ ಗ್ರಂಥದಲ್ಲಿ ಅದರ ಹಂತಗಳನ್ನು ಗುರುತಿಸಿದರು. ಎರಡು ವರ್ಷದ ಮಗು ಗೀಚುತ್ತದೆ. ನಾಲ್ಕರ ಆಸುಪಾಸಿನಲ್ಲಿ ದುಂಡು ತಲೆಗೆ ನೇರವಾಗಿ ಕಾಲುಗಳು ಅಂಟುತ್ತವೆ. ಏಳರ ಹೊತ್ತಿಗೆ ಹಾಳೆಯ ಕೆಳಗೊಂದು ನೆಲದ ಗೆರೆ ಬರುತ್ತದೆ. ಗೋಡೆಯ ಹೊರಗೆ ನಿಂತವರಿಗೂ ಮನೆಯೊಳಗಿನ ಒಲೆ ಕಾಣುತ್ತದೆ. ಪ್ರೀತಿಯ ಹಸು ಕೊಟ್ಟಿಗೆಗಿಂತ ದೊಡ್ಡದಾಗುತ್ತದೆ. ಇವು ತಪ್ಪುಗಳಲ್ಲ, ಬೆಳವಣಿಗೆಯ ಗುರುತುಗಳು. ಇದನ್ನರಿಯದ ಶಿಕ್ಷಕರು ಕೆಂಪು ಶಾಯಿಯಿಂದ ಹಸುವನ್ನು ‘ತಿದ್ದು’ತ್ತಾರೆ. ಅಂದಿನಿಂದ ಆ ಮಗು ತನ್ನ ಹಸುವನ್ನು ಬಿಟ್ಟು ಹಲಗೆಯ ಹಸುವನ್ನು ಬರೆಯತೊಡಗುತ್ತದೆ. ‘ಇದೇನಿದು?’ ಎಂದು ಕೇಳುವ ಬದಲು ‘ಇಲ್ಲಿ ಏನು ನಡೆಯುತ್ತಿದೆ, ಹೇಳು ಮಗು’ ಎಂದು ಕೇಳಿದರೆ ಸಾಕು, ಆ ಹಾಳೆಯಿಂದ ಒಂದು ಕಥೆ ಹೊರಡುತ್ತದೆ. ಪ್ರತಿ ಹಾಳೆಯ ಹಿಂದೆ ಹೆಸರು, ದಿನಾಂಕ ಬರೆದು ಒಂದು ರಟ್ಟಿನ ಕಡತದಲ್ಲಿ ಇಟ್ಟರೆ ವರ್ಷದ ಕೊನೆಯಲ್ಲಿ ಮಗುವಿನ ಪ್ರಗತಿಯನ್ನು ಅದೇ ಹೇಳುತ್ತದೆ, ಅಂಕ ಬೇಕಾಗುವುದಿಲ್ಲ.

ಮೂರನೆಯದು ಸಾಮಗ್ರಿ. ಬಣ್ಣದ ಡಬ್ಬಿ ಬರಲಿಲ್ಲವೆಂದು ಕಲೆ ನಿಲ್ಲಬೇಕಿಲ್ಲ. ಒಲೆಯ ಇದ್ದಿಲು, ಕೆಮ್ಮಣ್ಣು, ಜೇಡಿಮಣ್ಣು, ಅಕ್ಕಿಹಿಟ್ಟು, ಅರಿಶಿನ ಪ್ರತಿ ಊರಿನಲ್ಲೂ ಇವೆ. ಅರಿಶಿನಕ್ಕೆ ಸುಣ್ಣದ ನೀರು ಬೆರೆತೊಡನೆ ಓಕುಳಿಯ ಕೆಂಪು ಏಳುವುದನ್ನು ಕಂಡ ಮಗುವಿಗೆ ವಿಜ್ಞಾನದ ಪಾಠವೂ ಅಲ್ಲೇ ಆರಂಭವಾಗುತ್ತದೆ. ಮಣ್ಣು ಏಕೆ ಕೆಂಪು ಎಂಬ ಪ್ರಶ್ನೆ ಅದನ್ನು ಕಬ್ಬಿಣದ ಅಂಶದವರೆಗೆ ಒಯ್ಯುತ್ತದೆ. ಒಂದು ನಿಯಮವಿರಲಿ: ಬಣ್ಣಕ್ಕಾಗಿ ಮರದ ತೊಗಟೆ ಕೆತ್ತಬಾರದು, ಉದುರಿದ್ದನ್ನು ಹೆಕ್ಕಬೇಕು.

ನಾಲ್ಕನೆಯದು, ಎಲ್ಲಕ್ಕಿಂತ ಮುಖ್ಯವಾದುದು, ಊರಿನ ಗುರುಗಳು. ಸಾಗರ, ಸೊರಬ ಸೀಮೆಯ ದೀವರ ಮನೆಗಳಲ್ಲಿ ಹೆಣ್ಣುಮಕ್ಕಳು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿಯಿಂದ, ಪುಂಡಿನಾರಿನ ಕುಂಚದಿಂದ ಹಸೆ ಚಿತ್ತಾರ ಬರೆಯುತ್ತಾರೆ. ಭೂಮಿ ಹುಣ್ಣಿಮೆಗೆ ಗರ್ಭಿಣಿಯಾದ ನೆಲಕ್ಕೆ ಬಯಕೆಯೂಟ ಒಯ್ಯುವ ಭೂಮಣ್ಣಿ ಬುಟ್ಟಿಯ ಮೇಲೂ ಅದೇ ಚಿತ್ತಾರ. ಎಳೆಗೆ ಎಳೆ ತಾಗದಂತೆ ಸಮಾಂತರವಾಗಿ ಸಾಗುವ ಆ ಗೆರೆಗಳಲ್ಲಿ ರೇಖಾಗಣಿತವಿದೆ, ಬೇಸಾಯವಿದೆ, ಮದುವೆಯ ನಂಟಿದೆ. ದೀಪಾವಳಿಯ ರಾತ್ರಿ ಮನೆಯಿಂದ ಮನೆಗೆ ದೀಪವನ್ನೂ ಹಾಡನ್ನೂ ಒಯ್ಯುವ ಅಂಟಿಗೆ-ಪಂಟಿಗೆಯವರಿದ್ದಾರೆ. ಅಂಕೋಲೆಯ ಹಾಲಕ್ಕಿ ಒಕ್ಕಲಿಗರ ಸುಕ್ರಿ ಬೊಮ್ಮಗೌಡ ಅವರು ಅಕ್ಷರ ಕಲಿತವರಲ್ಲ. ಅಪಾರ ಸಂಖ್ಯೆಯ ಹಾಡುಗಳನ್ನು ನೆನಪಿನಲ್ಲಿಟ್ಟಿದ್ದ ಅವರಿಗೆ 2017ರಲ್ಲಿ ಪದ್ಮಶ್ರೀ ಸಂದಿತು. 2025ರ ಫೆಬ್ರುವರಿಯಲ್ಲಿ ಅವರು ತೀರಿಕೊಂಡರು. ಅಂಥ ಒಂದು ಜೀವ ಹೋದಾಗ ಎಷ್ಟು ಹಾಡುಗಳು ಹೋದವೆಂದು ಕೇಳುವುದಕ್ಕಿಂತ, ಊರಿನ ಶಾಲೆಯಲ್ಲಿ ಎಷ್ಟು ಮಕ್ಕಳು ಅವನ್ನು ಕಲಿತಿದ್ದಾರೆಂದು ಕೇಳುವುದು ಲೇಸು.

ಈ ಹಿರಿಯರನ್ನು ಶಾಲೆಗೆ ಕರೆಯುವಾಗ ಎರಡು ಎಚ್ಚರ ಅಗತ್ಯ. ಅವರು ಪ್ರದರ್ಶನದ ವಸ್ತುಗಳಲ್ಲ, ಗುರುಗಳು. ಒಂದು ದಿನದ ಕೂಲಿ ಬಿಟ್ಟು ಬಂದವರಿಗೆ ಶಾಲುಹೊದಿಕೆಯಷ್ಟೇ ಸಾಲದು, ಸಂಭಾವನೆಯೂ ಸಲ್ಲಬೇಕು. ಇನ್ನೊಂದು, ಮಲೆನಾಡಿನ ಕಲೆಗಳಿಗೆ ಜಾತಿಯ ಬೇಲಿಯೂ ಇದೆ. ದೀವರ ಹುಡುಗಿಗೆ ಚಿತ್ತಾರ, ಇನ್ನೊಂದು ಕುಲದ ಹುಡುಗನಿಗೆ ಡೊಳ್ಳು ಎಂದು ಹಂಚಿಬಿಟ್ಟರೆ ಶಾಲೆ ಹಳೆಯ ಬೇಲಿಗೆ ಹೊಸ ಗೂಟ ನೆಟ್ಟಂತಾಗುತ್ತದೆ. ಎಲ್ಲ ಮಕ್ಕಳೂ ಎಲ್ಲವನ್ನೂ ಮುಟ್ಟಬೇಕು. ಯಾರಿಂದ ಕಲಿತೆವು ಎಂಬ ಕೃತಜ್ಞತೆಯೂ ಜೊತೆಗಿರಬೇಕು.

ನಾಟಕ, ಸಂಗೀತಗಳ ಮಾತೂ ಇಷ್ಟೇ ಸರಳ. ಕಣ್ಣು ಮುಚ್ಚಿ ಐದು ನಿಮಿಷ ಕುಳಿತು, ಕೇಳಿದ ಸದ್ದುಗಳನ್ನೆಲ್ಲ ಪಟ್ಟಿ ಮಾಡಿ, ಬಳಿಕ ಕೈ, ಬಾಯಿ, ಬೆಂಚುಗಳಿಂದ ಆ ಮಳೆಯನ್ನೂ ಜೀರುಂಡೆಯನ್ನೂ ಮರಳಿ ನುಡಿಸುವುದು ಸಂಗೀತದ ಆರಂಭ. ತೋಟಕ್ಕೆ ನುಗ್ಗಿದ ಮಂಗ ಮತ್ತು ತೋಟದ ಯಜಮಾನ ಇಬ್ಬರ ಪಾತ್ರವನ್ನೂ ಒಂದೇ ಮಗು ಆಡಿದರೆ ಅದು ನಾಟಕದ ಆರಂಭ. ಇನ್ನೊಬ್ಬರ ಜಾಗದಲ್ಲಿ ನಿಂತು ಯೋಚಿಸುವ ಪಾಠವೂ ಹೌದು.

ಪ್ರತಿಭಾ ಕಾರಂಜಿಯಂತಹ ಸ್ಪರ್ಧೆಗಳು ಹಳ್ಳಿಯ ಮಕ್ಕಳಿಗೆ ವೇದಿಕೆ ಕೊಟ್ಟಿವೆ, ನಿಜ. ಆದರೆ ಸ್ಪರ್ಧೆ ಹುಡುಕುವುದು ಚೆನ್ನಾಗಿ ಹಾಡುವ ಒಂದು ಮಗುವನ್ನು. ತರಗತಿಯ ಕಲೆ ಇರಬೇಕಾದುದು ಹಾಡಲು ಹಿಂಜರಿಯುವ ಉಳಿದೆಲ್ಲ ಮಕ್ಕಳಿಗಾಗಿ. ಹಾಗೆಯೇ ತರಬೇತಿ ವರ್ಷಕ್ಕೊಮ್ಮೆ ಬಂದು ಹೋಗುವ ಜಾತ್ರೆಯಾಗಬಾರದು. ಪ್ರತಿ ತಿಂಗಳ ಕ್ಲಸ್ಟರ್ ಸಮಾಲೋಚನಾ ಸಭೆಯಲ್ಲಿ ಒಂದು ಗಂಟೆ ಕಲೆಗೆ ಮೀಸಲಿರಲಿ. ಮಕ್ಕಳ ಹಾಳೆಗಳನ್ನು ನೆಲದ ಮೇಲೆ ಹರಡಿ, ಏನು ಮಾಡಿದೆವು, ಎಲ್ಲಿ ಸೋತೆವು ಎಂದು ಶಿಕ್ಷಕರು ಪರಸ್ಪರ ಹೇಳಿಕೊಳ್ಳಲಿ. ಶಾಲಾಭಿವೃದ್ಧಿ ಸಮಿತಿಯವರು, ಹೆತ್ತವರು ವರ್ಷಕ್ಕೊಮ್ಮೆ ಆ ಹಾಳೆಗಳನ್ನು ನೋಡಲು ಬರಲಿ. ‘ಆಟ ಆಡಿಸಿ ಕಾಲ ಕಳೆಯುತ್ತಾರೆ’ ಎಂಬ ಅನುಮಾನ ಅದರಿಂದಲೇ ಕರಗುತ್ತದೆ.

ತನ್ನ ಗುಡ್ಡದ ಬೆನ್ನು ಎಲ್ಲಿ ಬಾಗುತ್ತದೆಂದು ಬರೆದು ಬಲ್ಲ ಮಗುವಿಗೆ, ಆ ಗುಡ್ಡವನ್ನು ಯಾರಾದರೂ ಕಡಿದಾಗ ಹಾಳೆಗೂ ಕಿಟಕಿಗೂ ತಾಳೆಯಾಗದಿರುವುದು ಕೂಡಲೇ ತಿಳಿಯುತ್ತದೆ. ತ್ರಿಕೋನದ ಗುಡ್ಡ ಬರೆದ ಮಗುವಿಗೆ ಯಾವ ಗುಡ್ಡ ಹೋದರೂ ಒಂದೇ. ಪರಿಸರದ ಕಾಳಜಿ ಘೋಷಣೆಯಿಂದ ಹುಟ್ಟುವುದಿಲ್ಲ, ನೋಟದಿಂದ ಹುಟ್ಟುತ್ತದೆ. ಆ ನೋಟವನ್ನು ಕೊಡಬಲ್ಲವರು ಈ ಸಭೆಯಲ್ಲಿ ಕುಳಿತಿರುವ ಶಿಕ್ಷಕರು. ಭಾಷಣ ಇಲ್ಲಿಗೆ ಸಾಕು. ಅಂಗಳದಲ್ಲಿ ಕೆಮ್ಮಣ್ಣು ಕಲಸಿಟ್ಟಿದೆ, ಹಲಸಿನ ಎಲೆಗಳು ಬಿದ್ದಿವೆ. ಎಲ್ಲರೂ ಅಲ್ಲಿಗೆ ನಡೆಯುವುದು ಉಚಿತ.