ರೋಗಶಯ್ಯೆಯ ಬಳಿ ಭಕ್ತನ ಧರ್ಮ



ಮಾನವಿಯ ಶ್ರೀನಿವಾಸಾಚಾರ್ಯರು ಶ್ರೀವಿಜಯದಾಸರನ್ನು ಅನಾದರಿಸಿ, ಬಳಿಕ ತೀವ್ರ ಉದರಶೂಲೆಯಿಂದ ನರಳಿದ ವೃತ್ತಾಂತ ಸರ್ವವಿದಿತ. ಗುರುಗಳ ಅಪ್ಪಣೆಯಂತೆ ಶ್ರೀಗೋಪಾಲದಾಸರು ತಮ್ಮ ಆಯುಸ್ಸಿನ 40 ವರ್ಷಗಳನ್ನು ಅವರಿಗೆ ಧಾರೆಯೆರೆದರೆಂದು ದಾಸಪರಂಪರೆ ಹೇಳುತ್ತದೆ. ಹಾಗೆ ಉಳಿದವರೇ ಶ್ರೀಜಗನ್ನಾಥದಾಸರು (1728–1809). ‘ಹರಿಕಥಾಮೃತಸಾರ’ ಆ ದಾನದ ಫಲ. ಗೋಪಾಲದಾಸರು ನೆಲೆಸಿದ್ದ ಉತ್ತನೂರು ಇಂದು ತೆಲಂಗಾಣದ ಜೋಗುಲಾಂಬ ಗದ್ವಾಲ ಜಿಲ್ಲೆಯಲ್ಲಿದೆ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಬಂದವರು ತಮ್ಮ ಗುರುಗಳನ್ನೇ ಅನಾದರಿಸಿದವರು. ಆದರೂ ದಾಸರ ದೃಷ್ಟಿ ನಿಂತದ್ದು ಅವರ ನೋವಿನ ಮೇಲೆ.

ಆಯುರ್ದಾನ ಸಾಮಾನ್ಯರಿಂದ ಆಗದು, ಸಮಯದಾನ ಆಗುತ್ತದೆ. ರಾಯಚೂರು, ಕಲಬುರಗಿ ಕಡೆಗಳಿಂದ ಚಿಕಿತ್ಸೆಗಾಗಿ ಹೈದರಾಬಾದಿನ ಆಸ್ಪತ್ರೆಗಳಿಗೆ ಬರುವ ಕುಟುಂಬಗಳು ಅನೇಕ. ವೈದ್ಯರ ತೆಲುಗು ಮಾತನ್ನು ಅವರಿಗೆ ಕನ್ನಡದಲ್ಲಿ ತಿಳಿಹೇಳುವುದು, ರಾತ್ರಿಯೆಲ್ಲ ಎಚ್ಚರವಿದ್ದ ಮನೆಯವರಿಗೆ ಎರಡು ಗಂಟೆ ನಿದ್ರೆಗೆ ಅನುಕೂಲ ಮಾಡಿಕೊಡುವುದು, ಮನೆಯ ಊಟ ತಲುಪಿಸುವುದು ಇವೂ ಹರಿಸೇವೆಯೇ.

ರೋಗಿಯ ಮುಂದೆ ಪ್ರಾರಬ್ಧ, ಗ್ರಹಚಾರಗಳ ವಿಮರ್ಶೆ ಸಲ್ಲದು. ಪ್ರಾರಬ್ಧವೆಂಬುದು ತನ್ನ ನೋವಿಗೆ ತಾನು ಹೇಳಿಕೊಳ್ಳುವ ಸಮಾಧಾನ. ಅದನ್ನು ಪರರ ಮೇಲೆ ಆರೋಪವಾಗಿ ಹೊರಿಸಬಾರದು. ತೀರ್ಥಪ್ರಸಾದವನ್ನೂ ವೈದ್ಯರನ್ನು ಕೇಳಿಯೇ ಕೊಡಬೇಕು. ಫಲಮಂತ್ರಾಕ್ಷತೆಯನ್ನು ಮನೆಯವರ ಕೈಗಿತ್ತರೂ ಸಾಕು.

‘ಹೋಗಿ ಏನು ಮಾತನಾಡುವುದು’ ಎಂಬ ಸಂಕೋಚದಿಂದ ಅನೇಕರು ಹೋಗುವುದನ್ನೇ ಮುಂದೂಡುತ್ತಾರೆ. ರೋಗ ಕಾಯುವುದಿಲ್ಲ. ಸ್ವಲ್ಪ ಹೊತ್ತು ಕೈಹಿಡಿದು ಕುಳಿತು, ಮೆಲ್ಲನೆ ಹರಿನಾಮ ಸ್ಮರಿಸಿದರೆ ತಾನು ಒಂಟಿಯಲ್ಲವೆಂಬುದು ಮಿತ್ರನಿಗೆ ತಿಳಿಯುತ್ತದೆ. ಗುಣವಾಗುವುದು, ಬಿಡುವುದು ಶ್ರೀಹರಿಯ ಅಧೀನ. ಹೋಗಿ ಕಾಣುವುದು ಭಕ್ತನ ಕರ್ತವ್ಯ.

ಶ್ರೀಕೃಷ್ಣಾರ್ಪಣಮಸ್ತು.